ಗ್ರಾಫಿಕ್ ಡಿಸೈನ್ ಕಲಿಯೋಕೆ ಕಾಲೇಜು ಬೇಕೇ ಬೇಕಾ, ಸ್ವಂತವಾಗಿ ಕಲಿತ್ರೆ ಸಾಕಾ?

ಅಂಚಿನಗೆರೆ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನಾನು ಬಿಕಾಂ ಕೊನೇ ವರ್ಷದಲ್ಲಿದೀನಿ. ಫೋಟೋಶಾಪ್, ಇಲ್ಲಸ್ಟ್ರೇಟರ್ ಎರಡೂ ಯೂಟ್ಯೂಬ್ ನೋಡ್ಕೊಂಡು ಕಲ್ತಿದ್ದು, ಆ್ಯಪ್, ವೆಬ್‌ಸೈಟ್ ಡಿಸೈನ್ ಮಾಡೋ ಫಿಗ್ಮಾನೂ ಕೆಲಸಕ್ಕೆ ಬೇಕಾದಷ್ಟು ಬರುತ್ತೆ. ಫ್ರೆಂಡ್ಸ್‌ಗೆ ಪೋಸ್ಟರ್, ಲೋಗೋ, ಇನ್‌ಸ್ಟಾ ಪೋಸ್ಟ್ ಎಲ್ಲಾ ಮಾಡ್ಕೊಡ್ತೀನಿ, ನೋಡಿದವರೆಲ್ಲ ಚೆನ್ನಾಗಿದೆ ಅಂತಾರೆ. ಆದ್ರೆ ನುರಿತವರು ಮಾಡಿದ್ದರ ಪಕ್ಕ ನಂದು ಇಟ್ಟು ನೋಡಿದ್ರೆ ಏನೋ ಕಮ್ಮಿ ಇದೆ ಅಂತ ಕಣ್ಣಿಗೆ ಹೊಡೆಯುತ್ತೆ, ಏನು ಕಮ್ಮಿ ಅಂತ ಮಾತ್ರ ಹೇಳೋಕೆ ಬರಲ್ಲ, ಅದೇ ಸಂಕಟ. ಮನೇಲಿ ಹೇಳೋದು, ಇದನ್ನೇ ಮಾಡೋದಾದ್ರೆ ಸರಿಯಾಗಿ ಡಿಗ್ರಿ ಮಾಡು, ಕೈಯಲ್ಲಿ ಸರ್ಟಿಫಿಕೇಟ್ ಇರ್ಲಿ ಅಂತ. ಮತ್ತೆ ಮೂರ್ನಾಲ್ಕು ವರ್ಷ ಕೂತು ಓದಬೇಕಾ, ಇಲ್ಲಾ ಅಷ್ಟೇ ಟೈಮಲ್ಲಿ ಕೆಲಸ ಮಾಡ್ತಾ ಮಾಡ್ತಾ ಕಲಿಯೋದು ವಾಸಿನಾ? ಎರಡೂ ಕಡೆಯವರು ಹೇಳಿ.

ನೇರಮಾತು:
ಡಿಗ್ರಿ ಬೇಡ್ವೇ ಬೇಡ. ಎಲ್ಲಾ ಫ್ರೀಯಾಗಿ ಸಿಗುತ್ತೆ ಈಗ. ಪೋರ್ಟ್‌ಫೋಲಿಯೊ (ಮಾಡಿದ ಕೆಲಸಗಳ ಸಂಗ್ರಹ) ರೆಡಿ ಮಾಡಿ ಅಪ್ಲೈ ಮಾಡಿ ಅಷ್ಟೇ.

ಗ್ರಿಡ್‌ಪ್ರೇಮಿ:
ನಾನು ಸ್ವಂತವಾಗಿ ಕಲ್ತವನು, ಬ್ರ್ಯಾಂಡಿಂಗ್ ಮತ್ತೆ ಪ್ಯಾಕೇಜಿಂಗ್ ಮಾಡ್ತೀನಿ, ಅದರಲ್ಲೇ ಹೊಟ್ಟೆ ತುಂಬ್ತಿದೆ. ಇವತ್ತಿನವರೆಗೂ ಒಬ್ಬ ಕ್ಲೈಂಟೂ ಎಲ್ಲಿ ಓದಿದ್ರಿ ಅಂತ ಕೇಳಿಲ್ಲ, ಹಿಂದೆ ಏನು ಮಾಡಿದೀರ ತೋರಿಸಿ ಅಂತಾರೆ, ಅಷ್ಟೇ. ಅಮೆರಿಕದ ಡಿಸೈನರ್ ಡೇವಿಡ್ ಕಾರ್ಸನ್‌ನ ತಗೊಳ್ಳಿ, ಓದಿದ್ದು ಸಮಾಜಶಾಸ್ತ್ರ, ಸರ್ಫಿಂಗ್ ಮಾಡ್ತಿದ್ದ ಮನುಷ್ಯ, ಸ್ಕೂಲಲ್ಲಿ ಪಾಠ ಹೇಳ್ತಿದ್ದವರು, 1992ರಲ್ಲಿ ರೇ ಗನ್ ಅನ್ನೋ ಸಂಗೀತ ಪತ್ರಿಕೆಯ ಆರ್ಟ್ ಡೈರೆಕ್ಟರ್ ಆಗಿ ಟೈಪೋಗ್ರಫಿ (ಅಕ್ಷರ ಜೋಡಿಸೋ ಕಲೆ) ಅಂದ್ರೆ ಹೀಗೇ ಇರ್ಬೇಕು ಅಂತಿದ್ದ ನಿಯಮಗಳನ್ನೆಲ್ಲ ತಲೆಕೆಳಗು ಮಾಡಿದ್ರು. ಒಂದು ಸಂದರ್ಶನ ತುಂಬಾ ಸಪ್ಪೆ ಅನ್ನಿಸ್ತು ಅಂತ ಇಡೀ ಲೇಖನವನ್ನ ಝಾಫ್ ಡಿಂಗ್‌ಬ್ಯಾಟ್ಸ್ ಅನ್ನೋ ಫಾಂಟ್‌ನಲ್ಲಿ ಹಾಕಿದ್ರು, ಅದರಲ್ಲಿ ಅಕ್ಷರಗಳೇ ಇಲ್ಲ, ಬರೀ ಚಿಹ್ನೆಗಳು. ಕಾಲೇಜಲ್ಲಿ ಕಲ್ತಿದ್ರೆ ಆ ಧೈರ್ಯ ಬರ್ತಿತ್ತಾ ಅಂತ ನಂಗೆ ಡೌಟು.

ಬಣ್ಣದಕಾಗದ:
ಗ್ರಿಡ್‌ಪ್ರೇಮಿ ಅವರೇ, ಕಾರ್ಸನ್ ವಿಷಯದಲ್ಲಿ ಒಂದು ಮಾತು ಸೇರಿಸ್ತೀನಿ. ಡಿಸೈನ್‌ನಲ್ಲಿ ಡಿಗ್ರಿ ಮಾಡ್ಲಿಲ್ಲ ನಿಜ, ಆದ್ರೆ ಡಿಸೈನ್‌ಗೆ ಕಾಲಿಟ್ಟಿದ್ದೇ ಒಂದು ಸಣ್ಣ ಕೋರ್ಸಿಂದ, ಆಮೇಲೆ ಸ್ವಿಟ್ಜರ್ಲೆಂಡ್‌ನಲ್ಲಿ ಡಿಸೈನರ್ ಹಾನ್ಸ್ ರುಡಾಲ್ಫ್ ಲುಟ್ಸ್ ಅವರ ವರ್ಕ್‌ಶಾಪಿಗೂ ಹೋಗಿದ್ರು. ಕೆಲವೇ ವಾರ, ಆದ್ರೂ ಎದುರಿಗೆ ಕೂತು ತಿದ್ದೋ ಒಬ್ಬ ಮನುಷ್ಯ ಇದ್ದ. ಅಮೆರಿಕದ ಇನ್ನೊಬ್ಬ ಡಿಸೈನರ್ ಪಾಲ್ ರ್ಯಾಂಡ್ ಕಥೆನೂ ಹೀಗೇ ಎರಡೂ ಕಡೆ ಇದೆ. ಸಂಜೆ ಕ್ಲಾಸುಗಳಿಗೆ ಹೋಗಿದ್ರು, ಆದ್ರೂ ತಾನು ನಿಜವಾಗಿ ಕಲ್ತಿದ್ದು ಯುರೋಪಿನ ಡಿಸೈನ್ ಪತ್ರಿಕೆಗಳನ್ನ ನೋಡಿ ಅಂತ ಹೇಳ್ಕೊಂಡವರು. 1956ರಲ್ಲಿ ಐಬಿಎಂ ಲೋಗೋ ಮಾಡಿದ್ರು, ಅದೇ ವರ್ಷ ಯೇಲ್ ಯೂನಿವರ್ಸಿಟಿಯಲ್ಲಿ ಪಾಠ ಮಾಡೋಕೂ ಶುರು ಮಾಡಿದ್ರು. ಅದಕ್ಕೇ ದೊಡ್ಡವರ ಹೆಸರು ಹೇಳಿ ಈ ವಾದ ಗೆಲ್ಲೋಕಾಗಲ್ಲ ಅನ್ಸುತ್ತೆ ನಂಗೆ, ಹತ್ತಿರ ಹೋಗಿ ನೋಡಿದ್ರೆ ಎಲ್ಲರದ್ದೂ ಕಲಬೆರಕೆನೇ.

ನಾನು ಕಾಲೇಜಲ್ಲೇ ಕಲ್ತವಳು. ಅಂಚಿನಗೆರೆ, ಮೊದಲ ವರ್ಷ ನಾವು ಕಂಪ್ಯೂಟರ್ ಮುಟ್ಟಿದ್ದೇ ಅಪರೂಪ. ಗೆರೆ, ಬಿಂದು, ಆಕಾರ, ಬಣ್ಣದ ಕಾಗದ, ಕತ್ತರಿ, ಗೋಂದು, ಇಷ್ಟೇ. ಆಗ ಸಿಟ್ಟು ಬರ್ತಿತ್ತು. ಈ ಥರ ಮೊದಲು ಬೇಸಿಕ್ಸ್ ಕಲಿಸೋ ಪದ್ಧತಿಯ ಬೇರು ಬೌಹೌಸ್‌ನಲ್ಲಿದೆ, 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಜರ್ಮನಿಯಲ್ಲಿ ಶುರು ಮಾಡಿದ ಕಲೆ ಮತ್ತೆ ಡಿಸೈನ್ ಸ್ಕೂಲು, ಅಲ್ಲಿ ಯೋಹಾನೆಸ್ ಇಟ್ಟೆನ್ ಪ್ರಿಲಿಮಿನರಿ ಕೋರ್ಸ್ ಅಂತ ಮಾಡ್ತಿದ್ರು, ಅವರ ನಂತರ ಮೊಹೊಲಿ ನಾಜ್, ಯೋಸೆಫ್ ಆಲ್ಬರ್ಸ್ ಅದನ್ನ ಮುಂದುವರಿಸಿದ್ರು. 1933ರಲ್ಲಿ ಸ್ಕೂಲು ಮುಚ್ಚಿದ್ರೂ ಆ ಪಾಠ ಅಲ್ಲಿಂದ ಎಲ್ಲಾ ಕಡೆ ಹರಡ್ತು. ಆಲ್ಬರ್ಸ್ ಕೊಡ್ತಿದ್ದ ಒಂದು ಎಕ್ಸರ್‌ಸೈಜ್ ಹೇಳ್ತೀನಿ ಕೇಳಿ, ಮನೇಲೇ ಮಾಡಬಹುದು. ಒಂದೇ ಬಣ್ಣದ ಕಾಗದದಲ್ಲಿ ಎರಡು ಚಿಕ್ಕ ತುಂಡು ಕತ್ತರಿಸಿ, ಎರಡು ಬೇರೆ ಬೇರೆ ಬಣ್ಣದ ಹಾಳೆಗಳ ಮಧ್ಯ ಒಂದೊಂದು ಇಡಿ, ಆ ಎರಡು ತುಂಡು ಬೇರೆ ಬೇರೆ ಬಣ್ಣ ಅಂತ ಕಾಣೋ ಥರ ಹಿನ್ನೆಲೆ ಆರಿಸಬೇಕು. ಹೇಳೋಕೆ ಸುಲಭ. ಹಾಳೆ ಮೇಲೆ ಹಾಳೆ ಬದಲಾಯಿಸಿ ಬದಲಾಯಿಸಿ ಕೊನೆಗೊಂದ್ಸಲ ಆ ತುಂಡು ಕಣ್ಣೆದುರೇ ಬೇರೆ ಬಣ್ಣ ಆಗಿಬಿಡುತ್ತೆ, ಅದಾದ್ಮೇಲೆ ಬಣ್ಣ ಆರಿಸೋವಾಗ ಕಲರ್ ಪಿಕರ್‌ನ ನಂಬರ್ ನೋಡಿ ಸುಮ್ಮನಾಗೋಕೆ ಸಾಧ್ಯನೇ ಇಲ್ಲ, ಪಕ್ಕದಲ್ಲಿ ಏನಿದೆ ಅಂತ ನೋಡೇ ನೋಡ್ತೀರ. ಯೂಟ್ಯೂಬಲ್ಲಿ ಬಣ್ಣದ ಚಕ್ರ ವಿವರಿಸೋ ವಿಡಿಯೋ ಎಷ್ಟು ನೋಡಿದ್ರೂ ಆ ಅಭ್ಯಾಸ ಬರಲ್ಲ.

ಆದ್ರೆ ಕಾಲೇಜು ನಂಗೆ ಕೊಟ್ಟಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಪಾಠ ಅಲ್ಲ, ಕ್ರಿಟ್. ಎಲ್ಲರ ಕೆಲಸನೂ ಗೋಡೆಗೆ ಅಂಟಿಸ್ತಾರೆ, ಮಾಡಿದವರು ಬಾಯಿ ಮುಚ್ಕೊಂಡು ನಿಲ್ಲಬೇಕು, ಉಳಿದವರು ಅವರಿಗೆ ಏನು ಕಾಣ್ತಿದೆ ಅಂತ ಹೇಳ್ತಾರೆ. ಚೆನ್ನಾಗಿದೆ ಅನ್ನೋ ಹಾಗಿಲ್ಲ. ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಆಮೇಲೆ ಎಲ್ಲಿಗೆ, ಎಲ್ಲಿ ಸಿಕ್ಕಾಕೊಂಡ್ತು, ಅದನ್ನೇ ಹೇಳ್ಬೇಕು. ವಾರ ವಾರ ಇದೇ. ಹಾಡು ಕಲಿಯೋರಿಗೆ ತಮ್ಮ ಶ್ರುತಿ ತಪ್ಪಿದ್ದು ತಮಗೇ ಕೇಳಿಸಲ್ಲ, ಪಕ್ಕದಲ್ಲಿ ಕೂತವರಿಗೆ ಕೇಳುತ್ತಲ್ಲ, ಹಾಗೆ. ನೀವು "ಏನು ಕಮ್ಮಿ ಅಂತ ಹೇಳೋಕೆ ಬರಲ್ಲ" ಅಂದ್ರಲ್ಲ, ಅದಕ್ಕೆ ಇನ್ನೂ ಟ್ಯುಟೋರಿಯಲ್ ನೋಡೋದು ಮದ್ದಲ್ಲ, ನಿಮ್ಮ ಕೆಲಸನ ಹಾಗೆ ಬಿಡಿಸಿ ನೋಡೋ ಜನ ಬೇಕು.

ಪ್ಲೇಟ್‌ಮಾಸ್ಟರ್:
ನಾ ಪ್ರಿಂಟಿಂಗ್ ಕಡೆಯಾಂವ್ ರೀ. ಡಿಗ್ರಿ ಅದನೋ ಇಲ್ಲೋ ನಮಗ ಬೇಕಾಗಿಲ್ಲ, ಫೈಲ್ ತೆಗದ ಕೂಡ್ಲೆ ಇವರು ಪ್ರಿಂಟ್ ಅನ್ನೂದು ಕಲ್ತಾರೋ ಇಲ್ಲೋ ಅಂತ ಗೊತ್ತಾಗ್ತದ. ಮೊಬೈಲ್ ಪೋಸ್ಟಿಗೆ ಅಂತ 1080 ಪಿಕ್ಸೆಲ್ ಅಗಲ ಮಾಡಿದ್ದನ್ನ ಎ3 ಪೋಸ್ಟರ್ ಹೊಡೀರಿ ಅಂತ ಕಳಸ್ತಾರ. ಎ3 ಅಂದ್ರ 297 ಮಿಲಿಮೀಟರ್ ಅಗಲ, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಬೇಕಂದ್ರ ಸುಮಾರು 3508 ಪಿಕ್ಸೆಲ್ ಇರ್ಬೇಕು, ಇವರ ಫೈಲಿನ್ಯಾಗ ಇಂಚಿಗೆ 92 ಬೀಳ್ತದ, ಅಕ್ಷರದ ಅಂಚು ಹಲ್ಲಹಲ್ಲ ಕಾಣ್ತಾವ.

ಇನ್ನ ಕರೀ ಬಣ್ಣದ್ದು ಕೇಳ್ರಿ. ಸ್ಕ್ರೀನ್ ಮ್ಯಾಲೆ ಆರ್‌ಜಿಬಿ (ಕೆಂಪು, ಹಸರು, ನೀಲಿ ಬೆಳಕಿನ) ಕಪ್ಪು ಇಟ್ಟು ಫೋಟೋಶಾಪ್‌ನ ಅಮೆರಿಕದ ಡೀಫಾಲ್ಟ್ ಬಣ್ಣದ ಪ್ರೊಫೈಲ್‌ನ್ಯಾಗ ಸಿಎಂವೈಕೆ (ಪ್ರಿಂಟಿನ ನಾಕು ಇಂಕು) ಮಾಡಿದ್ರ ಸಯಾನ್ 75, ಮಜೆಂಟಾ 68, ಯೆಲ್ಲೋ 67, ಬ್ಲ್ಯಾಕ್ 90 ಆಗ್ತದ. ಒಟ್ಟು 300 ಪರ್ಸೆಂಟ್ ಇಂಕ್. ದೊಡ್ಡ ಜಾಗಕ್ಕಾದ್ರ ನಡೀತದ, ಆದ್ರ ಸಣ್ಣ ಅಕ್ಷರಕ್ಕ ನಾಕೂ ಬಣ್ಣ ಒಂದರ ಮ್ಯಾಲೆ ಒಂದು ಕೂದಲೆಳಿನಷ್ಟೂ ಸರೀಬಾರ್ದು, ಸರೀತು ಅಂದ್ರ ಅಕ್ಷರದ ಸುತ್ತ ಕೆಂಪು ನೀಲಿ ನೆರಳು ಬೀಳ್ತದ. ಓದೋ ಅಕ್ಷರಕ್ಕ ಬ್ಲ್ಯಾಕ್ 100 ಒಂದೇ ಇಡ್ರಿ, ಉಳದಿದ್ದು ಸೊನ್ನೆ. ಇದು ಒಂದು ದಿನದಾಗ ಕಲಿಯೂ ಮಾತು, ಆದ್ರ ಹೀಂಗೊಂದು ಅದ ಅಂತನ ಗೊತ್ತಿಲ್ಲದಾಂವ ಇದನ್ನ ಹುಡುಕೂದರ ಹೆಂಗ? ಸ್ವಂತ ಕಲಿಯೋರಿಗೆ ಇರೂ ತೊಂದರಿ ಇದ ನೋಡ್ರಿ. ಪ್ರೆಸ್ಸಿಗೆ ಬಂದು ಒಂದು ಕೆಲಸ ಫೈಲಿಂದ ಪ್ಲೇಟ್, ಪ್ಲೇಟಿಂದ ಕಾಗದ ಆಗೂತನಾ ನಿಂತು ನೋಡ್ರಿ, ಕೇಳಿದ್ರ ಯಾರೂ ಬ್ಯಾಡ ಅನ್ನೂದಿಲ್ಲ.

ಗ್ರಿಡ್‌ಪ್ರೇಮಿ:
ಪ್ಲೇಟ್‌ಮಾಸ್ಟರ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಪ್ಯಾಕೇಜಿಂಗ್ ಕಲ್ತಿದ್ದೇ ಒಬ್ಬ ಪ್ರಿಂಟರ್ ಪಕ್ಕ ನಿಂತು. ಆದ್ರೆ ಒಂದು ಮಾತು, ಕಾಲೇಜು ಅಂದ ತಕ್ಷಣ ಎಲ್ಲಾ ಕಡೆ ಬಣ್ಣದಕಾಗದ ಅವರು ಹೇಳಿದ ಥರ ಇರಲ್ಲ. ಡಿಪ್ಲೊಮಾ ಅಂತ ಬೋರ್ಡ್ ಹಾಕಿ ಬರೀ ಸಾಫ್ಟ್‌ವೇರ್ ಹೇಳ್ಕೊಡೋ ಕಡೆಗಳೇ ಜಾಸ್ತಿ ನಾನು ನೋಡಿರೋದು. ಸಾಫ್ಟ್‌ವೇರ್ ಕಲಿಯೋಕೆ ವರ್ಷಗಟ್ಟಲೆ ಕೊಡೋದು ವ್ಯರ್ಥ, ಅದು ಬದಲಾಗ್ತಾನೇ ಇರುತ್ತೆ. 1985ರಲ್ಲಿ ಪುಟ ಕಟ್ಟೋ ಸಾಫ್ಟ್‌ವೇರ್ ಪೇಜ್‌ಮೇಕರ್ ಬಂತು, ಆಮೇಲೆ ಪುಟ ಕಟ್ಟೋರೆಲ್ಲ ಕ್ವಾರ್ಕ್‌ಗೆ ಹೋದ್ರು, 1999ರಲ್ಲಿ ಇನ್‌ಡಿಸೈನ್ ಬಂದು ಕ್ವಾರ್ಕ್‌ನ ಬದಿಗೆ ಸರಿಸ್ತು, ಈಗ ಸ್ಕ್ರೀನ್ ಕೆಲಸ ಮಾಡೋರು ಫಿಗ್ಮಾದಲ್ಲಿದಾರೆ. ಯಾವ ಬಟನ್ ಎಲ್ಲಿದೆ ಅಂತ ಕಲ್ತವರು ಪ್ರತಿ ಸಲ ಮೊದಲಿಂದ ಶುರು ಮಾಡಬೇಕು, ಗ್ರಿಡ್ (ಪುಟದಲ್ಲಿ ಎಲ್ಲಾ ಸಾಲಾಗಿ ಕೂರಿಸೋ ಗೆರೆಗಳ ಚೌಕಟ್ಟು) ಯಾಕೆ ಬೇಕು ಅಂತ ಕಲ್ತವರಿಗೆ ಆ ಪಾಡಿಲ್ಲ.

ಸೇರೋದಾದ್ರೆ ಆ ಕಾಲೇಜಿನ ಕೊನೇ ವರ್ಷದವರ ಎಕ್ಸಿಬಿಷನ್‌ಗೆ ಹೋಗಿ ನೋಡಿ ಅಂಚಿನಗೆರೆ. ಎಲ್ಲರ ಕೆಲಸನೂ ಒಂದೇ ಟೆಂಪ್ಲೇಟಿಂದ ಬಂದ ಥರ ಇದ್ರೆ ಅಲ್ಲಿ ಕ್ರಿಟ್ ನಡೀತಿಲ್ಲ ಅಂತ ತಿಳ್ಕೊಳ್ಳಿ.

ತೆರೆದಪುಟ:
ನಾನು ಸ್ಟುಡಿಯೊಗೆ ಜನ ತಗೊಳ್ಳೋವಾಗ ಇಂಟರ್‌ವ್ಯೂಗೆ ಕೂರೋಳು, ಆ ಕಡೆಯಿಂದ ಹೇಳ್ತೀನಿ. ಡಿಗ್ರಿ ನಾನು ನೋಡಲ್ಲ, ಆದ್ರೆ ಡಿಗ್ರಿ ಎಲ್ಲೂ ಬೇಡ ಅಂತ ಹೇಳಿದ್ರೆ ಅದೂ ತಪ್ಪಾಗುತ್ತೆ. ಕಾಲೇಜಲ್ಲಿ ಪಾಠ ಮಾಡ್ಬೇಕು ಅಂತಿದ್ರೆ ಬೇಕು, ಸರ್ಕಾರಿ ಹುದ್ದೆಗಳಲ್ಲಿ ಸಾಮಾನ್ಯವಾಗಿ ಕೇಳ್ತಾರೆ, ಬೇರೆ ದೇಶಕ್ಕೆ ಕೆಲಸದ ವೀಸಾ ಮೇಲೆ ಹೋಗೋದಾದ್ರೆ ಹಲವು ಕಡೆ ಡಿಗ್ರಿ ಲೆಕ್ಕಕ್ಕೆ ಬರುತ್ತೆ. ಇದ್ಯಾವುದೂ ನಿಮ್ಮ ಪ್ಲಾನಲ್ಲಿ ಇಲ್ಲ ಅಂದ್ರೆ ಬಿಡಿ.

ಪೋರ್ಟ್‌ಫೋಲಿಯೊದಲ್ಲಿ ನಾನು ನೋಡೋದು ಏನು ಅಂದ್ರೆ, ಕೊನೇ ಚಿತ್ರ ಅಲ್ಲ, ಅದಕ್ಕಿಂತ ಮುಂಚಿನದ್ದು. ಸ್ಕೆಚ್ ಎಲ್ಲಿ, ಬಿಟ್ಟುಬಿಟ್ಟ ಐಡಿಯಾ ಯಾವುದು, ಯಾಕೆ ಬಿಟ್ರಿ. ಈ ಫಾಂಟ್ ಯಾಕೆ ತಗೊಂಡ್ರಿ ಅಂತ ಕೇಳ್ತೀನಿ. ಹೆಲ್ವೆಟಿಕಾ ಕ್ಲೀನಾಗಿ ಕಾಣುತ್ತೆ ಮೇಡಂ ಅಂದ್ರೆ ಅದು ಉತ್ತರ ಅಲ್ಲ. 1957ರಲ್ಲಿ ಬಂದ ಫಾಂಟ್ ಅದು, ಅಷ್ಟು ವರ್ಷದಲ್ಲಿ ಎಲ್ಲೆಲ್ಲೂ ಬಳಕೆಯಾಗಿ ಜನಕ್ಕೆ ಕಣ್ಣಿಗೇ ಬೀಳದಷ್ಟು ಮಾಮೂಲಾಗಿದೆ, ಈ ಕೆಲಸಕ್ಕೆ ಕಣ್ಣಿಗೆ ಬೀಳದ ದನಿನೇ ಬೇಕಿತ್ತು, ಅದಕ್ಕೆ ತಗೊಂಡೆ ಅಂತ ಯಾರಾದ್ರೂ ಹೇಳಿದ್ರೆ ಅವರು ಎಲ್ಲಿ ಕಲ್ತವರಾದ್ರೂ ನಂಗೆ ಬೇಕು. ಕಾಲೇಜಿಂದ ಬಂದವರು ಇದನ್ನ ಚೆನ್ನಾಗಿ ಹೇಳ್ತಾರೆ ಆದ್ರೆ ಕೆಲಸ ನಿಧಾನ, ಕ್ಲೈಂಟ್ ಸಂಜೆ ಒಳಗೆ ಬದಲಾಯಿಸಿ ಅಂದ್ರೆ ಕಂಗಾಲಾಗ್ತಾರೆ, ಫೈಲ್‌ಗೆ ಹೆಸರಿಡೋದು, ಲೇಯರ್ ಅಚ್ಚುಕಟ್ಟಾಗಿ ಇಡೋದು, ಕೆಲಸಕ್ಕೆ ಎಷ್ಟು ದುಡ್ಡು ಕೇಳಬೇಕು ಅನ್ನೋದು, ಇದನ್ನೆಲ್ಲ ಹೊಸದಾಗಿ ಹೇಳ್ಕೊಡಬೇಕು. ಸ್ವಂತ ಕಲ್ತವರು ಕೈಚಳಕದಲ್ಲಿ ಮುಂದೆ, ಆದ್ರೆ ಒಂದೇ ಸ್ಟೈಲಿಗೆ ಅಂಟ್ಕೊಂಡಿರ್ತಾರೆ, ಯಾಕಂದ್ರೆ ಬರೋ ಲೈಕ್ಸ್ ಎಲ್ಲಾ ಅದಕ್ಕೇ ಬರುತ್ತೆ.

ಸೂಸನ್ ಕೇರ್ ಅವರದ್ದು ನಂಗೆ ತುಂಬಾ ಇಷ್ಟದ ಉದಾಹರಣೆ. ಲಲಿತಕಲೆಯಲ್ಲಿ ಪಿಎಚ್‌ಡಿ ಮಾಡಿದವರು, ಆದ್ರೆ 1984ರ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಐಕಾನ್ ಮಾಡೋ ಕೆಲಸನ ಆಗ ಯಾವ ಕಾಲೇಜಲ್ಲೂ ಕಲಿಸ್ತಿರಲಿಲ್ಲ, ಗ್ರಾಫ್ ಪೇಪರ್ ತಗೊಂಡು 32ಕ್ಕೆ 32 ಚೌಕ ತುಂಬಿ ತುಂಬಿ ಅವರೇ ದಾರಿ ಮಾಡ್ಕೊಂಡ್ರು. ಮೊಸಾಯಿಕ್, ಕಸೂತಿ ಕೆಲಸ ನೋಡಿ ಬೆಳೆದ ಕಣ್ಣು ಅಲ್ಲಿ ಕೆಲಸಕ್ಕೆ ಬಂತು. ಓದಿದವರೂ ಯಾವಾಗಾದ್ರೂ ಒಂದು ದಿನ ಸ್ವಂತ ಕಲೀಲೇಬೇಕಾಗುತ್ತೆ.

ನೇರಮಾತು:
ಈಗ ಎಐ ಎಲ್ಲಾ ಮಾಡುತ್ತಲ್ಲ, ಇಷ್ಟೆಲ್ಲ ಯಾಕೆ ಕಲೀಬೇಕು?

ತೆರೆದಪುಟ:
ಚಿತ್ರ ಬರುತ್ತೆ, ಇಪ್ಪತ್ತು ಬೇಕಾದ್ರೂ ಬರುತ್ತೆ. ಆ ಇಪ್ಪತ್ತರಲ್ಲಿ ಯಾವುದು, ಯಾಕೆ, ಏನು ತಿದ್ದಬೇಕು ಅಂತ ಹೇಳೋ ಕಣ್ಣಿಗೇ ನಾನು ಸಂಬಳ ಕೊಡೋದು.

ಅಂಚಿನಗೆರೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ಕ್ರಿಟ್ ಬಗ್ಗೆ ಬಣ್ಣದಕಾಗದ ಅಕ್ಕ ಹೇಳಿದ್ದು ಮನಸ್ಸಿಗೆ ನಾಟ್ತು. ಧೈರ್ಯ ಮಾಡಿ ನನ್ನ ಒಂದು ಪೋಸ್ಟರ್ ಹಾಕ್ತಿದೀನಿ, ಗ್ರಂಥಾಲಯದಲ್ಲಿ ಮಕ್ಕಳ ಓದಿನ ಕಾರ್ಯಕ್ರಮಕ್ಕೆ ಮಾಡಿದ್ದು, ಎ3. ಮೇಲೆ "ಮಕ್ಕಳ ಪುಸ್ತಕ" ಒಂದು ಸಾಲು, ಅದರ ಕೆಳಗೇ "ಓದಿನ ಹಬ್ಬ" ಇನ್ನೊಂದು ಸಾಲು, ಪೋಸ್ಟರ್ ಮಧ್ಯ ಪುಸ್ತಕದಿಂದ ಹಕ್ಕಿ ಹಾರೋ ಚಿತ್ರ, ಕೆಳಗೆ ತಾರೀಖು ಜಾಗ. ಮುಲಾಜಿಲ್ಲದೆ ಹೇಳಿ.

ಬಣ್ಣದಕಾಗದ:
ಹಾಕಿದ್ದು ತುಂಬಾ ಒಳ್ಳೇದಾಯ್ತು. ಸರಿ, ನಂಗೆ ಕಂಡಿದ್ದು ಕಂಡ ಹಾಗೆ ಹೇಳ್ತೀನಿ. ಕಣ್ಣು ಕಿರಿದು ಮಾಡಿ ನೋಡಿದೆ, ಮೊದಲು ಹೋಗಿದ್ದು ಹಕ್ಕಿಗೂ ಅಲ್ಲ, ಹೆಸರಿಗೂ ಅಲ್ಲ, ಬಲ ಮೂಲೆಯಲ್ಲಿರೋ ಹಳದಿ ಚುಕ್ಕಿಗಳಿಗೆ. ಅವು ಯಾಕಿವೆ? ಖಾಲಿ ಜಾಗ ತುಂಬೋಕೆ ಹಾಕಿದ್ರೆ ತೆಗೀರಿ, ಖಾಲಿ ಇದ್ರೇನೇ ಆ ಹಕ್ಕಿ ಹಾರ್ತಿದೆ ಅನ್ಸೋದು. ಎರಡನೇದು, ತಾರೀಖು ಟೈಮು ಕಣ್ಣಿಗೆ ಕೊನೇಲಿ ಸಿಕ್ತು, ಅದೂ ಬಿಳಿ ಮೇಲೆ ತಿಳಿ ಕಿತ್ತಳೆ ಬಣ್ಣದಲ್ಲಿ. ವೆಬ್‌ಗೆ ಇರೋ ಡಬ್ಲ್ಯುಸಿಎಜಿ ನಿಯಮದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರ್ಬೇಕು ಅಂತಿದೆ, ಗೋಡೆ ಪೋಸ್ಟರ್‌ಗೆ ಆ ನಿಯಮ ಬರ್ದೇ ಇದ್ರೂ ದೂರದಿಂದ ಓದೋರ ಕಷ್ಟ ಅದೇ ತಾನೇ. ನಾಲ್ಕು ಫಾಂಟ್ ಬಳಸಿದೀರ, ಪ್ರತಿಯೊಂದೂ ಬೇರೆ ಬೇರೆ ದನಿಯಲ್ಲಿ ಮಾತಾಡ್ತಿದೆ. ಒಂದು ಕೆಲಸ ಮಾಡಿ, ಇದೇ ಪೋಸ್ಟರ್‌ನ ಒಂದೇ ಫಾಂಟ್, ಒಂದೇ ಗಾತ್ರದಲ್ಲಿ ಮಾಡಿ, ದಪ್ಪ ತೆಳು ಮತ್ತೆ ಜಾಗ ಇವೆರಡನ್ನ ಮಾತ್ರ ಬದಲಾಯಿಸಬಹುದು. ನಮ್ಮ ಟೈಪೋಗ್ರಫಿ ಟೀಚರ್ ಇದನ್ನೇ ಮಾಡಿಸ್ತಿದ್ರು. ಆಮೇಲೆ ಬೇಕಾದ್ರೆ ಗಾತ್ರ ಸೇರಿಸಿ.

ಹಕ್ಕಿ ಮಾತ್ರ ಮುಟ್ಟಬೇಡಿ. ರೆಕ್ಕೆ ಪುಸ್ತಕದ ಹಾಳೆಯಿಂದ ಬಿಡಿಸ್ಕೊಳ್ತಿರೋ ಜಾಗ ತುಂಬಾ ಚೆನ್ನಾಗಿ ಬಂದಿದೆ, ಅದು ಯಾರೂ ಕಲಿಸಿ ಬರೋದಲ್ಲ.

ಒತ್ತಕ್ಷರ:
ಇದುವರೆಗೂ ಓದ್ತಾ ಮಾತ್ರ ಇದ್ದೆ, ಈ ಪೋಸ್ಟರ್ ನೋಡಿ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಇಲ್ಲೊಂದು ವಿಷಯ ಇಂಗ್ಲಿಷ್ ಟ್ಯುಟೋರಿಯಲ್‌ನಲ್ಲೂ ಇರಲ್ಲ, ಎಷ್ಟೋ ಕ್ಲಾಸಲ್ಲೂ ಹೇಳಲ್ಲ. ಹೆಡ್ಡಿಂಗ್ ಎಡಕ್ಕೆ ಅಲೈನ್ ಮಾಡಿ ಎರಡು ಸಾಲಲ್ಲಿ ಇಟ್ಟಿದೀರಲ್ಲ, ಮೇಲಿನ "ಮಕ್ಕಳ" ಇದೆಯಲ್ಲ ಅದರ ಕ ಒತ್ತು ಕೆಳಗಡೆ ಇಳಿದು "ಓದಿನ"ದಲ್ಲಿ ದಿ ಮೇಲಿರೋ ಗುಡಿಸಿಗೆ ತಾಗ್ತಿದೆ, ಝೂಮ್ ಮಾಡಿ ನೋಡಿ. ಸಾಲಿನ ಅಂತರ ಫಾಂಟ್ ಗಾತ್ರದ 120 ಪರ್ಸೆಂಟ್ ಅನ್ನೋದು ಅಡೋಬಿ ಸಾಫ್ಟ್‌ವೇರ್‌ಗಳ ಆಟೋ ಲೆಡ್ಡಿಂಗ್, ಅದು ಇಂಗ್ಲಿಷ್‌ಗೆ ಹೊಂದುತ್ತೆ. ಕನ್ನಡದಲ್ಲಿ ಕೆಳಗೆ ಒತ್ತು ಇಳಿಯುತ್ತೆ, ಮೇಲೆ ಗುಡಿಸು ಏತ್ವ ಏರುತ್ತೆ, "ಸ್ವಾತಂತ್ರ್ಯ" ಥರದ ಪದ ಬಂದ್ರೆ ಒತ್ತಿನ ಪಕ್ಕ ಇನ್ನೊಂದು ಒತ್ತು. ಅದಕ್ಕೆ ಲೆಡ್ಡಿಂಗ್ ಕಣ್ಣಿಂದ ನೋಡಿ ಕೈಯಿಂದ ಇಡಿ, ಆಟೋ ಬಿಡಿ. ಹೆಡ್ಡಿಂಗ್ ಆದ್ರೆ ಎರಡನೇ ಸಾಲನ್ನ ಸ್ವಲ್ಪ ಬಲಕ್ಕೆ ಸರಿಸಿದ್ರೂ ಸಾಕು, ಆ ಒತ್ತು ಖಾಲಿ ಜಾಗಕ್ಕೆ ಇಳಿಯುತ್ತೆ, ಎರಡು ಸಾಲು ಒಂದರೊಳಗೊಂದು ಕೂತ ಹಾಗೆ ಚೆಂದ ಕಾಣುತ್ತೆ.

ಇನ್ನೊಂದು, ಕೆಳಗಿನ ಸಾಲಿಗೆ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ತುಂಬಾ ಕೊಟ್ಟಿದೀರ. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ ಬಿಡಿಬಿಡಿಯಾಗಿ ಇಟ್ರೆ ಗಂಭೀರವಾಗಿ ಕಾಣುತ್ತೆ, ಕನ್ನಡದಲ್ಲಿ ಕ್ಯಾಪಿಟಲ್ಲೇ ಇಲ್ಲ, ಬಿಡಿಸಿದ್ರೆ ದೀರ್ಘದ ಗುರುತು ಅಕ್ಷರದಿಂದ ದೂರ ಹೋಗಿ ಒಂಟಿಯಾಗಿ ನಿಲ್ಲುತ್ತೆ. ಒತ್ತಿ ಹೇಳೋಕೆ ದಪ್ಪ, ಗಾತ್ರ, ಬಣ್ಣ, ಸುತ್ತಲಿನ ಜಾಗ ಇಷ್ಟನ್ನೇ ಬಳಸಿ. ಮತ್ತೆ ಇನ್‌ಡಿಸೈನ್‌ನಲ್ಲಿ ಕನ್ನಡ ಕೂರಿಸೋವಾಗ ಪ್ಯಾರಾಗ್ರಾಫ್ ಸೆಟ್ಟಿಂಗಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಒತ್ತಕ್ಷರಗಳೆಲ್ಲ ಒಡೆದು ಬರುತ್ತೆ.

ಕಾಲೇಜಾ ಸ್ವಂತನಾ ಅನ್ನೋದಕ್ಕೆ ನಾನು ಹೇಳೋದು ಇಷ್ಟು, ಕನ್ನಡ ಅಕ್ಷರದ ಕೆಲಸ ಮಾಡೋರು ಇಬ್ರೂ ಸ್ವಂತ ಕಲೀತಿದಾರೆ ಸದ್ಯಕ್ಕೆ. ಹಳೇ ಪುಸ್ತಕದ ಮುಖಪುಟ, ಕೈಯಿಂದ ಬರೆದ ಬೋರ್ಡು ನೋಡ್ತಾ, ಅಳೀತಾ ಕಲೀಬೇಕು. ಒಂದು ಒಳ್ಳೇ ಪುಟ ತಗೊಂಡು ಅಂಚು ಎಷ್ಟು, ಸಾಲಂತರ ಎಷ್ಟು, ಒಂದು ಸಾಲಿಗೆ ಎಷ್ಟು ಅಕ್ಷರ ಅಂತ ಅಳೆದು ಹಾಗೇ ಮತ್ತೆ ಕಟ್ಟಿ ನೋಡಿ. ಅದು ಅಭ್ಯಾಸಕ್ಕೆ ಮಾತ್ರ, ಪೋರ್ಟ್‌ಫೋಲಿಯೊಗೆ ಹಾಕಬೇಡಿ.

ಅಂಚಿನಗೆರೆ:
ಎರಡನೇ ವರ್ಷನ್ ಹಾಕಿದೀನಿ. ಒಂದೇ ಫಾಂಟ್, ಚುಕ್ಕಿ ತೆಗೆದೆ, ತಾರೀಖು ಕಪ್ಪು ಬಣ್ಣದಲ್ಲಿ ಹೆಸರಿನ ಕೆಳಗೇ ತಂದೆ, "ಓದಿನ" ಸ್ವಲ್ಪ ಬಲಕ್ಕೆ ಸರಿಸಿದೆ. ಪಕ್ಕಪಕ್ಕ ಇಟ್ಟು ನೋಡಿದ್ರೆ ಏನು ಕಮ್ಮಿ ಇತ್ತು ಅಂತ ಈಗ ಬಾಯಲ್ಲಿ ಹೇಳೋಕೆ ಬರ್ತಿದೆ. ಸದ್ಯಕ್ಕೆ ಡಿಗ್ರಿ ಬೇಡ ಅಂತ ಅನ್ಕೊಂಡಿದೀನಿ, ಒಂದು ವರ್ಷ ಕೆಲಸ ಮಾಡಿ ನೋಡ್ತೀನಿ, ಜೊತೆಗೆ ಟೈಪೋಗ್ರಫಿಗೆ ಅಂತ ಒಂದು ಚಿಕ್ಕ ಕೋರ್ಸ್, ಅದೂ ತಿದ್ದೋರು ಇರೋದು ಸಿಕ್ಕಿದ್ರೆ ಮಾತ್ರ. ಮನೇಲಿ ಇನ್ನೂ ಹೇಳ್ಬೇಕು.

ಗ್ರಿಡ್‌ಪ್ರೇಮಿ:
ಹೋದ ಸಲಕ್ಕಿಂತ ಎಷ್ಟೋ ವಾಸಿ. ತಾರೀಖು ಈಗ ತಕ್ಷಣ ಸಿಗುತ್ತೆ. ಆದ್ರೆ ಎಡಗಡೆ ಅಂಚು ಬಲಗಡೆಗಿಂತ ಕಿರಿದಾಗಿದೆ, ಬೇಕಂತಲೇ ಮಾಡಿದ್ದಾ? ಬೇಕಂತ ಮಾಡಿದ್ರೆ ಇನ್ನೂ ಜಾಸ್ತಿ ವ್ಯತ್ಯಾಸ ಕೊಡಿ, ಇಲ್ಲಾಂದ್ರೆ ಸಮ ಮಾಡಿ, ಈಗ ಅದು ಎರಡರ ಮಧ್ಯ ನಿಂತಿದೆ. ವಾರಕ್ಕೊಂದ್ಸಲ ನಾವು ನಾಲ್ಕೈದು ಜನ ಆನ್‌ಲೈನಲ್ಲಿ ಕೂತು ಒಬ್ಬರ ಕೆಲಸ ಒಬ್ಬರು ನೋಡ್ತೀವಿ, ಬರೋದಾದ್ರೆ ಮೆಸೇಜ್ ಮಾಡಿ.

ಪ್ಲೇಟ್‌ಮಾಸ್ಟರ್:
ಹಿನ್ನೆಲಿ ಬಣ್ಣ ಕಾಗದದ ಅಂಚಿನ ತನಾ ಹೋಗೇದಲ್ಲಾ, ನಾಕೂ ಕಡಿ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸೂ ಅಂಚಿನಾಚೆ ಹೆಚ್ಚಿನ ಬಣ್ಣ) ಬಿಡ್ರಿ, ಇಲ್ಲಂದ್ರ ಕಟಿಂಗ್‌ನ್ಯಾಗ ಬಿಳೀ ಗೆರಿ ಉಳೀತದ. ತಾರೀಖಿನ ಅಕ್ಷರ ಬರೀ ಬ್ಲ್ಯಾಕ್ 100 ಅದನೋ ಒಮ್ಮೆ ನೋಡ್ರಿ.

ಅಂಚಿನಗೆರೆ:
ನೋಡಿದೆ ಸರ್, ನಾಲ್ಕೂ ಬಣ್ಣ ಇತ್ತು, ಈಗ ಬರೀ ಬ್ಲ್ಯಾಕ್ ಮಾಡಿದೆ. ಬ್ಲೀಡ್ ಹಾಕಿ, ಅಂಚು ಸರಿ ಮಾಡಿ ಮೂರನೇದು ನಾಳೆ ಹಾಕ್ತೀನಿ. ಹೊಸ ಥ್ರೆಡ್ ಮಾಡ್ಲಾ?

ಬಣ್ಣದಕಾಗದ:
ಬೇಡ, ಇಲ್ಲೇ ಹಾಕಿ. ಮೊದಲನೇ ಎರಡೂ ಪಕ್ಕದಲ್ಲೇ ಕಾಣ್ತಿರ್ಲಿ.